ಉಡುತಡಿಯ ಮೂರು ತಪ್ಪುಗಳು

ನ್ಯಾಮತಿಯಿಂದ ಸವಳಂಗದ ಮಾರ್ಗವಾಗಿ ಶಿಕಾರಿಪುರವನ್ನು ದಾಟಿ ಹೋಗುವ ಭಕ್ತರಿಗೆ ಉಡುತಡಿ ದೂರದ ಕ್ಷೇತ್ರವೇನಲ್ಲ. ಹೊನ್ನಾಳಿ, ಚನ್ನಗಿರಿ ಸೀಮೆಯ ಭಕ್ತರು ಅಲ್ಲಿಗೆ ಹೋಗಿ, ಅಕ್ಕಮಹಾದೇವಿಯವರ ಜನ್ಮಭೂಮಿಯ ದರ್ಶನ ಪಡೆದು, ಅದೇ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಅಲ್ಲಮಪ್ರಭುದೇವರ ನೆಲೆಯನ್ನೂ ನೋಡಿಕೊಂಡು ಹಿಂದಿರುಗುವುದುಂಟು. ಅಲ್ಲಿ ನಿಂತವರಿಗೆ ಸಾಮಾನ್ಯವಾಗಿ ನೆನಪಾಗುವುದು ಅಕ್ಕನವರ ವೈರಾಗ್ಯ, ಕೇಶಾಂಬರ, ಶ್ರೀಶೈಲದ ಕದಳಿವನ. ಆದರೆ ಆ ವೈರಾಗ್ಯದ ಹಿಂದೆ ಒಂದು ಮನೆಯ ಚರಿತ್ರೆಯಿದೆ. ತನ್ನನ್ನು ಅರ್ಥಮಾಡಿಕೊಳ್ಳದ, ಕೊಟ್ಟ ಮಾತಿಗೆ ನಿಲ್ಲದ, ಎದುರಿಗಿದ್ದಷ್ಟು ಹೊತ್ತೂ ಮನಸ್ಸನ್ನು ಹಿಂಡುವ ಒಬ್ಬ ಮನುಷ್ಯನ ಜೊತೆ ದಿನಗಳನ್ನು ಕಳೆಯಬೇಕಾಗಿ ಬಂದ ಒಬ್ಬ ತರುಣಿಯ ಚರಿತ್ರೆ ಅದು. ಇಂಥ ಮನುಷ್ಯರು ಇಂದಿಗೂ ಮನೆಗಳಲ್ಲಿ, ನೆರೆಹೊರೆಯಲ್ಲಿ, ಕಚೇರಿಗಳಲ್ಲಿ, ತೋಟದ ಬದುವಿನಾಚೆ ಇದ್ದೇ ಇರುತ್ತಾರೆ. ಆದಕಾರಣ ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದುವುದು ಉಚಿತ.

ಅಕ್ಕನವರ ಜೀವನವನ್ನು ಹೇಳುವ ಕೃತಿಗಳಲ್ಲಿ ಕಾಲದಿಂದ ಅವರಿಗೆ ಅತ್ಯಂತ ಹತ್ತಿರವಾದುದು ಹರಿಹರ ಮಹಾಕವಿಯ ಮಹಾದೇವಿಯಕ್ಕನ ರಗಳೆ. ಶರಣರ ಕಾಲ ಮುಗಿದು ಬಹಳ ವರ್ಷಗಳಾಗುವ ಮೊದಲೇ ಬರೆದವನು ಹರಿಹರ. ಅವನ ಕಥನದ ಪ್ರಕಾರ, ಉಡುತಡಿಯ ಅರಸು ಕೌಶಿಕನು ಮಹಾದೇವಿಯನ್ನು ಕಂಡು ಮೋಹಗೊಂಡು ಮಂತ್ರಿಗಳನ್ನು ಕಳುಹಿಸುತ್ತಾನೆ. ತಂದೆತಾಯಿಗಳು ಒಪ್ಪದಿದ್ದಾಗ ಅರಮನೆಯ ಬೆದರಿಕೆ ಅವರ ಮೇಲೆ ಬೀಳುತ್ತದೆ. ಹೆತ್ತವರ ಜೀವಕ್ಕೆ ಆಪತ್ತು ಬಂದುದನ್ನು ಕಂಡು ಮಗಳು ಒಪ್ಪುತ್ತಾಳೆ. ಆದರೆ ಬರಿಗೈಯಲ್ಲಿ ಒಪ್ಪುವುದಿಲ್ಲ. ಲಿಂಗಪೂಜೆಯಲ್ಲಿ ತನ್ನ ಇಚ್ಛೆಯಂತೆ ಇರುವುದು, ಮಾಹೇಶ್ವರರ ಗೋಷ್ಠಿಯಲ್ಲಿ ತನ್ನ ಇಚ್ಛೆಯಂತೆ ಇರುವುದು, ಗುರುಸೇವೆಯಲ್ಲಿ ತನ್ನ ಇಚ್ಛೆಯಂತೆ ಇರುವುದು, ಇವು ಅವಳ ಷರತ್ತುಗಳು. ಇವುಗಳಲ್ಲಿ ಮೂರು ತಪ್ಪುಗಳವರೆಗೆ ಸೈರಿಸುವೆನೆಂಬ ಮಾತೂ ಆಗಲೇ ಆಗುತ್ತದೆ.

ಈ ಸಂದರ್ಭವನ್ನು ಪ್ರವಚನಗಳಲ್ಲಿ ಬಹುಬೇಗ ದಾಟಿಬಿಡುವುದು ರೂಢಿ. ವಾಸ್ತವವಾಗಿ ಇಡೀ ಕಥನದಲ್ಲಿ ಸಂಸಾರಸ್ಥರಿಗೆ ಅತ್ಯಂತ ಹತ್ತಿರವಾದ ಭಾಗ ಇದೇ. ಬಲಾಢ್ಯನೊಬ್ಬನ ಎದುರು ನಿಂತ ಹುಡುಗಿಗೆ ತನಗೆ ಏನು ಬೇಡ ಎಂಬುದಕ್ಕಿಂತ ಏನು ಬಿಡಲಾರೆ ಎಂಬುದು ಮೊದಲೇ ಸ್ಪಷ್ಟವಾಗಿತ್ತು. ಅರಮನೆಯ ಉಡಿಗೆ, ಆಭರಣ, ಊಟಗಳ ಕುರಿತು ಅವಳು ಒಂದು ಮಾತನ್ನೂ ಆಡಲಿಲ್ಲ. ಲಿಂಗ, ಜಂಗಮ, ಗುರು ಎಂಬ ಮೂರನ್ನು ಮಾತ್ರ ಗೆರೆಯೆಳೆದು ಕಾಯ್ದುಕೊಂಡಳು. ಹತ್ತು ವಿಷಯಗಳಿಗೆ ಜಗಳವಾಡಿ ಹನ್ನೊಂದನೆಯದರಲ್ಲಿ ಸೋಲುವವರೇ ಲೋಕದಲ್ಲಿ ಹೆಚ್ಚು.

ಕೌಶಿಕ ಮಾತಿಗೆ ತಪ್ಪಿದ. ಒಮ್ಮೆ ದರ್ಶನಕ್ಕೆಂದು ಬಂದ ಮಾಹೇಶ್ವರರ ವಿಷಯದಲ್ಲಿ, ಒಮ್ಮೆ ಪೂಜೆಯ ವೇಳೆಯಲ್ಲಿ, ಕೊನೆಯದಾಗಿ ಗುರುಗಳು ಬಂದಾಗ. ಮೊದಲನೆಯದಕ್ಕೆ ಅಕ್ಕನವರು ಮನೆ ಬಿಡಲಿಲ್ಲ, ಎರಡನೆಯದಕ್ಕೂ ಬಿಡಲಿಲ್ಲ. ಆದರೆ ಲೆಕ್ಕವನ್ನು ಮರೆಯಲಿಲ್ಲ. ಮೂರನೆಯದು ಆದ ಕೂಡಲೇ ಹೊರಟರು. ಹೊರಡುವಾಗ ಅವನೊಡನೆ ವಾದಕ್ಕೆ ನಿಲ್ಲಲಿಲ್ಲ, ಅರಮನೆಯ ಯಾವ ವಸ್ತುವನ್ನೂ ಕೊಂಡೊಯ್ಯಲಿಲ್ಲ, ಉಟ್ಟ ಸೀರೆಯನ್ನು ಕೂಡ. ಸಹನೆ ಎಂದರೆ ಲೆಕ್ಕವಿಲ್ಲದೆ ಸಹಿಸುವುದು ಎಂದು ತಿಳಿದವರಿಗೆ ಹರಿಹರನ ಈ ಕಥನ ತುಸು ಇರಿಸುಮುರಿಸು ಉಂಟುಮಾಡುತ್ತದೆ. ಅಕ್ಕನವರ ಸಹನೆಗೆ ಎಲ್ಲೆಯಿತ್ತು. ಆ ಎಲ್ಲೆ ಸಿಟ್ಟಿನ ಗಳಿಗೆಯಲ್ಲಿ ಹುಟ್ಟಿದ್ದಲ್ಲ, ಮದುವೆಗೂ ಮೊದಲೇ ಎದುರಿನವನಿಗೆ ತಿಳಿಸಿ ಇಟ್ಟದ್ದು.

ಇಲ್ಲಿ ಒಂದು ಪಾಠಾಂತರವನ್ನು ಹೇಳಲೇಬೇಕು. ಹದಿನೈದನೆಯ ಶತಮಾನದ ಚಾಮರಸನು ಪ್ರಭುಲಿಂಗಲೀಲೆಯಲ್ಲಿ ಈ ವಿವಾಹವನ್ನೇ ಒಪ್ಪುವುದಿಲ್ಲ. ಅಲ್ಲಿ ನಿರ್ಮಲ-ಸುಮತಿಯರ ಮಗಳಾದ ಮಹಾದೇವಿ ಅರಸನ ಸಂಸಾರಕ್ಕೆ ಒಳಗಾಗದೆಯೇ ಎಲ್ಲವನ್ನೂ ತೊರೆದು ನಡೆಯುತ್ತಾಳೆ. ಭಕ್ತರ ಮನಸ್ಸಿಗೆ ಚಾಮರಸನ ಚಿತ್ರವೇ ಹೆಚ್ಚು ಹಿತವಾಗಿ ಕಂಡಿದೆ. ವಿದ್ವಾಂಸರಲ್ಲಿ ಈ ಕುರಿತು ಚರ್ಚೆ ಇಂದಿಗೂ ನಿಂತಿಲ್ಲ. ಮದುವೆ ಆಯಿತೋ ಇಲ್ಲವೋ ಎಂಬ ವಾದದ ಬಿಸಿಯಲ್ಲಿ, ಷರತ್ತು ಮತ್ತು ನಿರ್ಗಮನ ಎಂಬ ಎರಡು ಸಂಗತಿಗಳು ಇಬ್ಬರು ಕವಿಗಳಲ್ಲೂ ಉಳಿದಿವೆ ಎಂಬುದು ಗಮನಕ್ಕೆ ಬಾರದೆ ಹೋಗಿರುವುದು ವಿಷಾದಕರ.

ಹರಿಹರನು ಕಥೆಯನ್ನು ಅರಮನೆಯ ಬಾಗಿಲಲ್ಲಿ ಮುಗಿಸುವುದಿಲ್ಲ. ಅಕ್ಕನವರು ಶ್ರೀಶೈಲವನ್ನು ಸೇರಿದ ಮೇಲೆ ತಂದೆತಾಯಿಗಳು ಅಲ್ಲಿಗೆ ಬರುತ್ತಾರೆ, ಮಗಳ ಸ್ಥಿತಿಯನ್ನು ಕಂಡು ದುಃಖಿಸುತ್ತಾರೆ. ಅನಂತರ ಕೌಶಿಕನೂ ಬರುತ್ತಾನೆ, ಈ ಬಾರಿ ಶಿವಭಕ್ತನ ವೇಷದಲ್ಲಿ. ಹರಿಹರನು ಮನುಷ್ಯ ಸ್ವಭಾವವನ್ನು ಎಷ್ಟು ಸೂಕ್ಷ್ಮವಾಗಿ ಬಲ್ಲವನೆಂಬುದಕ್ಕೆ ಈ ಒಂದು ಸನ್ನಿವೇಶ ಸಾಕು. ಪೀಡಿಸುವವನು ಬೆದರಿಕೆಯಿಂದ ಗೆಲ್ಲಲಾಗದಾಗ ವಿನಯದಿಂದ ಬರುತ್ತಾನೆ. ನಾವು ಯಾವುದನ್ನು ಗೌರವಿಸುತ್ತೇವೆಯೋ ಅದನ್ನೇ ಮೈಮೇಲೆ ಹೊದ್ದು ಬರುತ್ತಾನೆ. ವಿಭೂತಿ ಧರಿಸಿ ಬಂದವನನ್ನು ಅಕ್ಕನವರು ನಿಂದಿಸಿ ಅಟ್ಟಲಿಲ್ಲ; ಅವನ ಜೊತೆ ಹಿಂದಿರುಗಲೂ ಇಲ್ಲ. ಹೆತ್ತವರ ಕಣ್ಣೀರು ನಿಜವಾದದ್ದು, ಅರಸನ ಭಕ್ತಿ ವೇಷದ್ದು. ಎರಡೂ ಕೇಳಿದ್ದು ಮಾತ್ರ ಒಂದನ್ನೇ, ಹಿಂದಿರುಗಿ ಬಾ ಎಂದು. ಈ ಎರಡನೆಯ ಪರೀಕ್ಷೆ ಮೊದಲಿನದಕ್ಕಿಂತ ಕಠಿಣವಾಗಿತ್ತು.

ನಿಂದೆ-ಸ್ತುತಿಗಳು ಬಂದಾಗ ಸಮಾಧಾನಿಯಾಗಿರಬೇಕೆಂಬ ಅಕ್ಕನವರ ಪ್ರಸಿದ್ಧ ವಚನವನ್ನು ಅರಿಯದ ಭಕ್ತರಿಲ್ಲ. ಮಲೆ, ಕಡಲು, ಸಂತೆ ಎಂಬ ಮೂರು ನೆಲೆಗಳನ್ನು ಉಪಮೆಯಾಗಿಟ್ಟು, ಲೋಕದಲ್ಲಿ ಹುಟ್ಟಿಬಂದವರು ಲೋಕದ ಗದ್ದಲಕ್ಕೆ ಕುಗ್ಗಬಾರದೆಂದು ಹೇಳುವ ವಚನವದು. ಶಾಲೆಯ ಪಠ್ಯದಿಂದ ಮೊದಲ್ಗೊಂಡು ಮದುವೆ ಮನೆಯ ಆಶೀರ್ವಚನದವರೆಗೆ ಅದು ಕೇಳಿಬರುತ್ತದೆ. ಆದರೆ ಅದು ಕೇಳಿಬರುವ ಒಂದು ಸಂದರ್ಭ ಮಾತ್ರ ಯೋಚಿಸತಕ್ಕದ್ದು. ಗಂಡನ ಮನೆಯಲ್ಲಿ ನಿತ್ಯ ಬೈಗುಳ, ಹೊಡೆತ ತಿನ್ನುವ ಹೆಣ್ಣುಮಗಳು ತವರಿಗೆ ಬಂದು ಕಣ್ಣೀರಿಟ್ಟಾಗ, ಹಿರಿಯರು ಇದೇ ವಚನವನ್ನು ಹೇಳಿ, "ಸಮಾಧಾನ ತಂದ್ಕೋ ತಾಯಿ" ಎಂದು ಬಸ್ಸು ಹತ್ತಿಸುತ್ತಾರೆ. ಪರಂಪರೆಯು ಈ ವಚನವನ್ನು ಯಾರ ಬಾಯಲ್ಲಿ ಇಟ್ಟಿದೆ ಎಂಬುದನ್ನು ಅವರು ಮರೆತಿರುತ್ತಾರೆ. ಅರಮನೆಯ ಬಾಗಿಲನ್ನು ದಾಟಿ ನಡೆದವರ ಮಾತು ಅದು. ದಾರಿಯಲ್ಲಿ ಎದುರಾದ ನಗೆ, ಚುಚ್ಚುಮಾತು, ಅಪವಾದಗಳಿಗೆ ಅವರು ಇಟ್ಟುಕೊಂಡ ಹೆಸರು ಲೋಕದ ಗದ್ದಲ. ಕೌಶಿಕನು ಮಾತು ಮುರಿದದ್ದನ್ನು ಅವರು ಗದ್ದಲವೆಂದು ಕರೆಯಲಿಲ್ಲ, ತಪ್ಪು ಎಂದು ಕರೆದರು. ಒಂದು, ಎರಡು, ಮೂರು ಎಂದು ಎಣಿಸಿದರು. ಸಂತೆಯ ಸದ್ದಿಗೆ ಕಿವಿಗೊಡದಿರುವುದು ಬೇರೆ, ಕೊರಳಿಗೆ ಬಂದ ಕೈಯನ್ನು ಸಹಿಸುವುದು ಬೇರೆ.

ಇನ್ನು ಕಲ್ಯಾಣದ ವಿಚಾರ. ಹರಿಹರನ ರಗಳೆಯಲ್ಲಿ ಇಲ್ಲದ, ಚಾಮರಸನಲ್ಲಿಯೂ ಶೂನ್ಯಸಂಪಾದನೆಗಳಲ್ಲಿಯೂ ಬರುವ ಪ್ರಸಂಗವೆಂದರೆ ಅನುಭವಮಂಟಪದಲ್ಲಿ ಅಕ್ಕನವರನ್ನು ಅಲ್ಲಮಪ್ರಭುದೇವರು ಪರೀಕ್ಷಿಸಿದ್ದು. ಅಲ್ಲಿಯ ಪ್ರಶ್ನೆಗಳು ಮೃದುವಾದವಲ್ಲ. ಗಂಡನ ಕುರುಹನ್ನು ಕೇಳುತ್ತಾರೆ, ಸೀರೆಯನ್ನು ಬಿಟ್ಟ ಮೇಲೆ ಕೂದಲಿನ ಮರೆ ಏಕೆಂದು ಕೇಳುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಕೌಶಿಕನ ಕಾಟಕ್ಕಿಂತ ಕಡಿಮೆಯದಲ್ಲವೆಂದು ತೋರೀತು. ಆದರೆ ಅಕ್ಕನವರು ಅಲ್ಲಿಂದ ಎದ್ದು ಹೋಗಲಿಲ್ಲ, ಪ್ರತಿಯೊಂದಕ್ಕೂ ನಿಂತು ಉತ್ತರಿಸಿದರು. ಕಠಿಣ ಮಾತನಾಡುವವರೆಲ್ಲ ವೈರಿಗಳಲ್ಲವೆಂಬುದನ್ನು ಗುರುತಿಸುವ ವಿವೇಕ ಇಲ್ಲಿದೆ. ಕೌಶಿಕನು ಮುಚ್ಚಿದ ಅಂತಃಪುರದಲ್ಲಿ ಮಾತು ಮುರಿದ. ಪ್ರಭುದೇವರು ಶರಣರೆಲ್ಲ ಕುಳಿತ ಸಭೆಯಲ್ಲಿ ಕೇಳಿದರು. ಒಬ್ಬನಿಗೆ ಉತ್ತರ ಬೇಕಿರಲಿಲ್ಲ, ವಶವಾಗುವುದು ಬೇಕಿತ್ತು. ಇನ್ನೊಬ್ಬರಿಗೆ ಉತ್ತರವೇ ಬೇಕಿತ್ತು, ಅದು ಸಿಕ್ಕಿದಾಗ ಅವರು ತಲೆಬಾಗಿದರು. ಈ ಕಾಲದಲ್ಲಿ ತಿದ್ದಿ ಹೇಳುವ ಹಿರಿಯರನ್ನೂ, ಕುಗ್ಗಿಸಿ ಮಾತನಾಡುವ ಮೇಲಧಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಇಬ್ಬರಿಂದಲೂ ದೂರ ಸರಿಯುವುದು ಹೆಚ್ಚುತ್ತಿದೆ. ಅದರಿಂದ ನಷ್ಟವಾಗುವುದು ಸರಿದವರಿಗೇ.

ಬಸವಣ್ಣನವರು ಎದುರಿಸಿದ್ದು ಬೇರೆ ಬಗೆಯ ಹಗೆತನ. ಅವರ ಸುತ್ತ ಇದ್ದದ್ದು ಎದುರಿಗೆ ನಗುತ್ತ, ಹಿಂದೆ ಚಾಡಿ ಹೇಳುವ ಆಸ್ಥಾನ. ಭಂಡಾರದ ಧನವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂಬ ದೂರು ಬಿಜ್ಜಳನ ಕಿವಿಗೆ ಬಿದ್ದಿತು. ದೂರುಗಾರರಲ್ಲಿ ಮುಖ್ಯನಾಗಿ ಕೊಂಡಿ ಮಂಚಣ್ಣನ ಹೆಸರನ್ನು ಪುರಾಣಗಳು ಹೇಳುತ್ತವೆ. ಬಸವಣ್ಣನವರು ಮಂಚಣ್ಣನ ಮೇಲೆ ಮರುದೂರು ಒಯ್ಯಲಿಲ್ಲ, ಭಂಡಾರವನ್ನೇ ತೆರೆದು ಲೆಕ್ಕ ಒಪ್ಪಿಸಿದರು; ಒಂದು ಹಣವೂ ಕಡಿಮೆಯಿರಲಿಲ್ಲ. ಕವಿಗಳು ಇದನ್ನು ಶಿವನ ಪವಾಡವೆಂದು ಹಾಡಿದ್ದಾರೆ. ದಿನವೂ ಲೆಕ್ಕವನ್ನು ಶುದ್ಧವಾಗಿ ಇಟ್ಟವರಿಗೆ ಮಾತ್ರ ಆ ಧೈರ್ಯ ಸಾಧ್ಯವೆಂಬುದು ಕಚೇರಿಯಲ್ಲಿ ದುಡಿಯುವವರಿಗೆ ಬೇಗ ಅರ್ಥವಾದೀತು. ತನ್ನ ಮೇಲೆ ಮುನಿದವರಿಗೆ ತಾನೂ ಮುನಿದರೆ ಮೊದಲು ಕೆಡುವುದು ತನ್ನ ಅರಿವೇ ಎಂದು ತಿಳಿದವರು ಅವರು. ಲೋಕದ ಡೊಂಕಿಗಿಂತ ಮೊದಲು ತನ್ನ ತನುಮನಗಳ ಡೊಂಕನ್ನು ನೋಡಿಕೊಳ್ಳುವುದು ಅವರ ವಚನಗಳ ಸ್ಥಾಯಿ. ಹಾಗೆಂದು ಅವರು ಕೊನೆಯವರೆಗೂ ಆ ಆಸ್ಥಾನದಲ್ಲಿ ಕುಳಿತಿರಲಿಲ್ಲ. ಹರಳಯ್ಯ ಮತ್ತು ಮಧುವರಸರಿಗೆ ಮರಣದಂಡನೆಯಾದ ವಿಷಮ ಕಾಲದಲ್ಲಿ, ಸುಮಾರು ಕ್ರಿ.ಶ. 1167ರಲ್ಲಿ, ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ತೆರಳಿದರು. ಅವರ ಸಹನೆಗೂ ಒಂದು ಎಲ್ಲೆಯಿತ್ತು.

ಈ ಚರಿತ್ರೆಯು ದಾವಣಗೆರೆ ಸೀಮೆಯ ಭಕ್ತರಿಗೆ ಕೇವಲ ಪುರಾಣಶ್ರವಣವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಮುಂದೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಚನ್ನಗಿರಿಯ ಅಡಿಕೆ ತೋಟಗಳಲ್ಲಿ ಬದುವಿನ ಜಗಳ, ಭದ್ರಾ ಕಾಲುವೆಯ ಅಚ್ಚುಕಟ್ಟಿನಲ್ಲಿ ಮೇಲಿನವನು ತೂಬು ಮುಚ್ಚಲಿಲ್ಲವೆಂದು ಕೊನೆಯ ಭಾಗದವನ ಜಗಳ, ಮಳೆಯನ್ನೇ ನಂಬಿದ ಜಗಳೂರಿನ ಹೊಲಗಳಲ್ಲಿ ಪಾಲಿನ ಜಗಳ. ವಿಷಯ ಸಣ್ಣದು, ಮನಸ್ಸಿಗೆ ಆಗುವ ಗಾಯ ದೊಡ್ಡದು. ಒಂದೇ ಹಿತ್ತಲಿನ ಎರಡು ಮನೆಗಳವರು ವರ್ಷಗಟ್ಟಲೆ ಮಾತು ಬಿಟ್ಟು, ಎದುರು ಬಂದಾಗ ಕ್ಯಾಕರಿಸಿ ಉಗುಳುವುದನ್ನು ನಿತ್ಯ ನೋಡುತ್ತ ಬಾಳುವವರ ಸಂಕಟ ಸಾಮಾನ್ಯವಲ್ಲ. ನೆರೆಯವರನ್ನು ಬಿಟ್ಟು ಶ್ರೀಶೈಲಕ್ಕೆ ಹೋಗಲು ಒಕ್ಕಲಿಗನಿಗೆ ಸಾಧ್ಯವಿಲ್ಲ. ಅವನ ತೋಟ ಅಲ್ಲಿಯೇ ಇದೆ.

ಅಂಥವರಿಗಾಗಿ ಈ ಭಾಗದಲ್ಲಿ ಬೆಳೆದುಬಂದ ಒಂದು ವ್ಯವಸ್ಥೆಯೆಂದರೆ ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ. ಸೋಮವಾರಗಳಂದು ಸೇರುತ್ತ ಬಂದ ಈ ನ್ಯಾಯಪೀಠದ ಮುಂದೆ ಜಮೀನು, ಪಾಲು, ದಾಂಪತ್ಯದ ವ್ಯಾಜ್ಯಗಳು ಬಂದಿವೆ. ಕ್ರಮ ಸರಳವಾದದ್ದು: ದೂರನ್ನು ಬರೆದು ಕೊಡಬೇಕು, ಎದುರು ಪಕ್ಷದವರಿಗೆ ತಿಳಿಸಿ ಕರೆಸಬೇಕು, ಇಬ್ಬರೂ ಸಭೆಯ ಎದುರು ನಿಂತು ಹೇಳಬೇಕು. ಮನಸ್ಸಿನಲ್ಲಿ ಹತ್ತು ವರ್ಷ ಕುದಿದದ್ದನ್ನು ಒಂದು ಹಾಳೆಯಲ್ಲಿ ಬರೆಯಲು ಕುಳಿತವನಿಗೆ ತನ್ನ ದೂರಿನಲ್ಲಿ ಯಾವುದು ತಪ್ಪು, ಯಾವುದು ಗದ್ದಲ ಎಂಬುದು ಬರೆಯುವಾಗಲೇ ಬೇರ್ಪಡತೊಡಗುತ್ತದೆ. ಮನೆಯ ಮೂಲೆಯಲ್ಲಿ ಗುಡುಗುವವನ ದನಿಯೂ ನೂರು ಜನರ ಎದುರು ಅಷ್ಟೇ ಜೋರಾಗಿ ಹೊರಡುವುದಿಲ್ಲ. ಜನರನ್ನು ಬಯಲಿನಲ್ಲಿ ಒಂದೆಡೆ ಕೂರಿಸುವ ಇದೇ ಮನೋಧರ್ಮದಿಂದ, 1950ರಲ್ಲಿ ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವವನ್ನು ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳವರು ಆರಂಭಿಸಿದರು.

ಆದರೂ ಎಲ್ಲವೂ ಪೀಠದ ಮುಂದೆ ಬಗೆಹರಿಯತಕ್ಕದ್ದಲ್ಲ. ಹೊಡೆತ, ಕೊಲೆಬೆದರಿಕೆ, ವರದಕ್ಷಿಣೆಯ ಹಿಂಸೆಗಳು ರಾಜಿಯ ವಿಷಯಗಳಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿದೆ. ಅದರ ಪ್ರಕಾರ ನೊಂದ ಮಹಿಳೆಗೆ ತಾನು ವಾಸಿಸುತ್ತಿರುವ ಮನೆಯಲ್ಲಿಯೇ ಉಳಿಯುವ ಹಕ್ಕಿದೆ; ಕೇವಲ ದೈಹಿಕ ಹಿಂಸೆಯಲ್ಲದೆ, ಮಾತಿನಿಂದ, ಮಾನಸಿಕವಾಗಿ, ಹಣಕಾಸಿನಿಂದ ಪೀಡಿಸುವುದನ್ನೂ ಕಾಯ್ದೆ ದೌರ್ಜನ್ಯವೆಂದೇ ಎಣಿಸಿದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಇದಕ್ಕೆ ಅರ್ಜಿ ಕೊಡಬಹುದು. 181 ಮಹಿಳಾ ಸಹಾಯವಾಣಿಯ ಸಂಖ್ಯೆ. ತವರಿಗೆ ಬಂದ ಮಗಳನ್ನು ಬಸ್ಸು ಹತ್ತಿಸುವ ಮೊದಲು, ಇದು ಎಷ್ಟನೆಯ ತಪ್ಪು ಎಂದು ಅವಳನ್ನು ಒಮ್ಮೆ ಕೇಳಬಹುದು. ಅವಳು ಎಣಿಸಿಯೇ ಇಟ್ಟಿರುತ್ತಾಳೆ.