ಪಡಿಯಚ್ಚಿನಿಂದ ಎದ್ದುಬಂದ ಯಂತ್ರ

ಹಳೆಯ ತಾಳೆಗರಿ ಪ್ರತಿಗಳೊಡನೆ ಬಾಳಿದವನಿಗೆ ಕಂಪ್ಯೂಟರಿನ ಚರಿತ್ರೆಯಲ್ಲೇನು ಕೆಲಸವೆಂದು ಕೇಳುಗರಲ್ಲಿ ಕೆಲವರಿಗೆ ಅನಿಸಬಹುದು. ಅದಕ್ಕೆ ಕಾರಣವಾದ ಒಂದು ಸಣ್ಣ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ನಾನು ಪಾಠ ಹೇಳುತ್ತಿದ್ದ ಸಂಸ್ಥೆಯಲ್ಲಿ ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯೊಂದನ್ನು ಹಲವರು ಸೇರಿ ವರ್ಷಗಟ್ಟಲೆ ಕಂಪ್ಯೂಟರಿಗೆ ತುಂಬಿದ್ದೆವು. ಒಂದು ಮಳೆಗಾಲದ ಬೆಳಿಗ್ಗೆ ಆ ಸೂಚಿಯಿದ್ದ ಸರ್ವರ್ ಏಳಲೇ ಇಲ್ಲ. ಪುಣ್ಯಕ್ಕೆ ಬ್ಯಾಕಪ್ ಇತ್ತು. ಅದೂ ಕಡತ ಕಡತವಾಗಿ ಬಿಡಿಸಿ ತೆಗೆದ ನಕಲಲ್ಲ, ಇಡೀ ಡಿಸ್ಕನ್ನು ಇದ್ದಹಾಗೆಯೇ ಒತ್ತಿಕೊಂಡ ಇಮೇಜ್. ಇದನ್ನು ಪಡಿಯಚ್ಚು ಎಂದು ಕರೆದರೆ ತಪ್ಪಾಗಲಾರದು. ಆದರೆ ಪಡಿಯಚ್ಚನ್ನು ಇಳಿಸುವುದಾದರೂ ಎಲ್ಲಿಗೆ? ಆ ಜಾತಿಯ ಯಂತ್ರ ಪೇಟೆಯಿಂದ ಮರೆಯಾಗಿ ಬಹುಕಾಲವಾಗಿತ್ತು.

ಹಳೆಯ ವಿದ್ಯಾರ್ಥಿಯೊಬ್ಬ ಬಂದ. ತನ್ನ ಕಂಪ್ಯೂಟರಿನೊಳಗೆ ಇಲ್ಲದ ಯಂತ್ರವೊಂದನ್ನು ಕಲ್ಪಿಸಿ, ಇದೇ ನಿನ್ನ ಡಿಸ್ಕು ಎಂದು ನಮ್ಮ ಪಡಿಯಚ್ಚನ್ನು ಅದಕ್ಕೆ ಒಪ್ಪಿಸಿದ. ಮೊದಲ ಸಲ ಅದು ತನ್ನ ಡಿಸ್ಕನ್ನೇ ಗುರುತಿಸಲಾರದೆ ಕುಸಿಯಿತು. ಹಳೆಯ ಬಗೆಯ ಜೋಡಣೆಯಲ್ಲಿ ತೋರಿಸಿದ ಮೇಲೆ, "ಎದ್ದಿತು ನೋಡಿ ಸಾರ್" ಎಂದ. ಸೂಚಿಯ ಕಡತವನ್ನು ಅವನ ಕಂಪ್ಯೂಟರಿಗೆ ಎಳೆದುಕೊಂಡು ತೆರೆದಾಗ ಕಂಡದ್ದು ಅರ್ಥವಿಲ್ಲದ ಗೀಟುಗಳು. ಅದು ಯೂನಿಕೋಡಿಗೆ ಹಿಂದಿನ ಕಾಲದ ಬರಹ. ಆದರೆ ಆ ಕಲ್ಪಿತ ಯಂತ್ರದೊಳಗೇ ನಿಂತು ನೋಡಿದರೆ ಅಚ್ಚುಕಟ್ಟಾದ ಕನ್ನಡ! ಹಳೆಯ ಫಾಂಟೂ ಪಡಿಯಚ್ಚಿನೊಳಗೇ ಉಳಿದುಬಂದಿತ್ತು. ಕಡತಗಳನ್ನಷ್ಟೇ ನಕಲು ಮಾಡಿಟ್ಟಿದ್ದರೆ ಅಂದು ನಮ್ಮ ಕೈಗೆ ಏನು ಸಿಕ್ಕುತ್ತಿತ್ತೆಂಬುದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಹೊರಡುವ ಮುನ್ನ ಹುಡುಗ ಕೇಳಿದ: "ಇದನ್ನು ಹಿಂದೆ ಒಮ್ಮೆಯಾದರೂ ಎಬ್ಬಿಸಿ ನೋಡಿದ್ದಿರಾ ಸಾರ್?" ನಾವಾರೂ ನೋಡಿರಲಿಲ್ಲ.

ಇಲ್ಲದ ಯಂತ್ರವನ್ನು ಇದ್ದಂತೆ ತೋರಿಸುವ ಈ ವಿದ್ಯೆ ಎಂದಿನದೆಂದು ಹುಡುಕಿದೆ. ನಾನೆಣಿಸಿದ್ದಕ್ಕಿಂತ ಅದು ಹಳೆಯದು. ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ವಿಜ್ಞಾನ ಕೇಂದ್ರದಲ್ಲಿ 1964ರಲ್ಲಿ ರಾಬರ್ಟ್ ಕ್ರೀಸಿ ಮತ್ತವರ ಸಂಗಡಿಗರು ಸಿಪಿ-40 ಎಂಬ ವ್ಯವಸ್ಥೆಯನ್ನು ಕಟ್ಟತೊಡಗಿದರು. ಆಗ ಒಂದು ಕಂಪ್ಯೂಟರೆಂದರೆ ಒಂದು ಕೋಣೆ, ಒಂದು ಸಂಪತ್ತು. ಅದನ್ನು ಹಲವರು ಏಕಕಾಲಕ್ಕೆ ಬಳಸುವ ಬಗೆಯೆಂತು ಎಂಬುದೇ ಅಂದಿನ ದೊಡ್ಡ ಪ್ರಶ್ನೆ. ಕ್ರೀಸಿಯವರ ಉತ್ತರ ವಿಲಕ್ಷಣವಾದುದು: ಯಂತ್ರವನ್ನು ಹಂಚುವುದು ಬೇಡ, ಪ್ರತಿಯೊಬ್ಬನಿಗೂ ಇಡಿಯ ಯಂತ್ರವೊಂದು ತನ್ನದೇ ಎಂಬ ಭ್ರಮೆಯನ್ನು ಕೊಟ್ಟುಬಿಡೋಣ. 1967ರ ಹೊತ್ತಿಗೆ, ಇದಕ್ಕಾಗಿಯೇ ಮಾರ್ಪಡಿಸಿದ ಸಿಸ್ಟಂ/360 ಮಾದರಿ 40ರ ಒಡಲಲ್ಲಿ 14 ಕಲ್ಪಿತ ಯಂತ್ರಗಳು ಏಕಕಾಲಕ್ಕೆ ಓಡಬಲ್ಲವಾಗಿದ್ದವು. 1972ರಲ್ಲಿ ಇದರ ಸಂತತಿಯಾದ ವಿಎಂ/370 ಎಂಬುದನ್ನು ಕಂಪೆನಿ ಲೋಕಕ್ಕೆ ಸಾರಿತು. ಇಂದು ವರ್ಚುವಲ್ ಮಷಿನ್ ಎಂಬ ಮಾತು ಎಲ್ಲರ ಬಾಯಲ್ಲಿ ಓಡಾಡುವುದಕ್ಕೆ ಮೂಲ ಇಲ್ಲಿದೆ. ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ಈ ವಿದ್ಯೆ ಇಳಿದದ್ದು ಬಹಳ ತಡವಾಗಿ, 1999ರಲ್ಲಿ ವಿಎಂವೇರ್ ಎಂಬ ಕಂಪೆನಿಯ ಮೂಲಕ. ನನ್ನ ವಿದ್ಯಾರ್ಥಿ ಮಾಡಿದ್ದು ಆ ದಾರಿಯ ಕೆಲಸವೇ.

ಆದರೆ ಇಲ್ಲೊಂದು ತೊಡಕುಂಟು. ಕಲ್ಪಿತ ಯಂತ್ರವೂ ಅದನ್ನು ಹೊತ್ತ ನಿಜಯಂತ್ರವೂ ಒಂದೇ ಕುಲದವಾದರೆ ಕೆಲಸ ಸುಲಭ. ಆ ಕುಲವೇ ಭೂಮಿಯಿಂದ ಅಳಿದುಹೋಗಿದ್ದರೆ? ಆಗ ಹಳೆಯ ಯಂತ್ರದ ಒಂದೊಂದು ಆಜ್ಞೆಯನ್ನೂ ಹೊಸದರಲ್ಲಿ ಅನುಕರಿಸಿ ತೋರಿಸಬೇಕು. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪೆನಿಯ ಬಾಬ್ ಸುಪ್ನಿಕ್ 1993ರಲ್ಲಿ ಈ ಕೆಲಸಕ್ಕೆ ಕೈಹಾಕಿ ಸಿಮ್ಹ್ ಎಂಬ ಅನುಕರಣ ತಂತ್ರಾಂಶವನ್ನು ರೂಪಿಸಿದರು. ಸತ್ತ ಯಂತ್ರಗಳ ಇಡೀ ವಂಶಾವಳಿಯೇ ಇಂದು ಅದರೊಳಗಿದೆ. ಯೂನಿಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೊದಲ ಆವೃತ್ತಿ ಮತ್ತೆ ಕಣ್ಣುತೆರೆದದ್ದು ಇದರ ಮಡಿಲಲ್ಲಿಯೇ.

ಯೂನಿಕ್ಸನ್ನು ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಮೊದಲುಮಾಡಿದರು. ಮೊದಲ ಆವೃತ್ತಿಯ ಕೈಪಿಡಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಆಗಿನ ಪಿಡಿಪಿ-11 ಯಂತ್ರದಲ್ಲಿದ್ದ ನೆನಪಿನ ಅಳತೆ 24 ಕಿಲೋಬೈಟು. ಅದರಲ್ಲಿ 16 ವ್ಯವಸ್ಥೆಗೆ, 8 ಬಳಸುವವರಿಗೆ. ಇಂದಿನ ಸರ್ವರುಗಳ ಬಹುಪಾಲು ಈ ಪುಟ್ಟ ಬೀಜದಿಂದ ಅಥವಾ ಅದರ ಅನುಕರಣೆಯಿಂದ ಬೆಳೆದವು. ಇಷ್ಟಾದರೂ ಆ ಮೊದಲ ಆವೃತ್ತಿಯ ಪ್ರತಿಯನ್ನು ಯಾರೂ ಜತನವಾಗಿ ಇಟ್ಟಿರಲಿಲ್ಲ. ಹೊಸತು ಬಂದಾಗ ಹಳೆಯದರ ಮೇಲೆಯೇ ಬರೆದರು. ಟೇಪು ದುಬಾರಿ ಪದಾರ್ಥ.

ಉಳಿದದ್ದು ಕಾಗದ. ವ್ಯವಸ್ಥೆಯ ತಿರುಳಾದ ಕರ್ನೆಲಿನ ಮೂಲಪಾಠದ ಮುದ್ರಿತ ಪ್ರತಿಯೊಂದು, 1972ರ ಸುಮಾರಿನದು, ಸ್ಕ್ಯಾನ್ ಆದ ಚಿತ್ರವಾಗಿ ಬೆಳಕಿಗೆ ಬಂತು. 2008ರಲ್ಲಿ ಆಸ್ಟ್ರೇಲಿಯದ ವಾರೆನ್ ಟೂಮಿ ಮತ್ತು ದೂರದೂರದ ಊರುಗಳಲ್ಲಿದ್ದ ಅವರ ಗೆಳೆಯರು ಅದನ್ನು ಎತ್ತಿಕೊಂಡರು. ಚಿತ್ರದಿಂದ ಅಕ್ಷರ ಹೆಕ್ಕುವ ತಂತ್ರಾಂಶ ಮಸುಕು ಅಕ್ಷರಗಳ ಮುಂದೆ ಎಡವಿತು. ಪುಟಪುಟವನ್ನೂ ಕಣ್ಣಿಟ್ಟು ತಿದ್ದಬೇಕಾಯಿತು. ಈ ಶ್ರಮ ಎಂಥದೆಂಬುದನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು. ನಮಗಾದರೋ ಛಂದಸ್ಸಿನ ಆಸರೆಯುಂಟು: ಕಂದಪದ್ಯದಲ್ಲಿ ಮಾತ್ರೆಯೊಂದು ಜಾರಿದರೆ ಕಿವಿಯೇ ಹೇಳುತ್ತದೆ. ಅಲ್ಲಿ ಅಂಕಿಯೊಂದು ತಪ್ಪಿದರೆ ಎಲ್ಲಿಯೂ ಸದ್ದಾಗದು. ಎಬ್ಬಿಸಿದಾಗ ಯಂತ್ರ ಬೀಳುತ್ತದೆ, ಅಷ್ಟೆ.

ಪಾಠ ಶುದ್ಧವಾದ ಮಾತ್ರಕ್ಕೆ ಮುಗಿಯಲಿಲ್ಲ. ಅದನ್ನು ಯಂತ್ರಭಾಷೆಗೆ ತಿರುಗಿಸಲು ಮುಂದಿನ ಆವೃತ್ತಿಯೊಂದರ ಸಾಧನವನ್ನು ಸ್ವಲ್ಪ ತಿದ್ದಿ ಬಳಸಿಕೊಂಡರು. ಆ ಕಾಲದ ಪಿಡಿಪಿ-11ಕ್ಕೆ ಗುಣಾಕಾರ ಭಾಗಾಕಾರಗಳೇ ಸ್ವತಃ ಬರುತ್ತಿರಲಿಲ್ಲ, ಅದಕ್ಕೊಂದು ಬೇರೆ ಘಟಕವನ್ನು ಹೊರಗಿನಿಂದ ಜೋಡಿಸುತ್ತಿದ್ದರು. ಸಿಮ್ಹ್‌ನಲ್ಲಿ ಆ ಘಟಕವಿರಲಿಲ್ಲವಾಗಿ ಅದನ್ನೂ ಹೊಸದಾಗಿ ಬರೆಯಬೇಕಾಯಿತು. ಕರ್ನೆಲಿನ ಜತೆಗೆ ಬೇಕಾದ ಸಣ್ಣಪುಟ್ಟ ಕಾರ್ಯಕ್ರಮಗಳು ಹಳೆಯ ಟೇಪುಗಳಲ್ಲಿ ದೊರೆತವು, ಆದರೆ ಅವುಗಳಲ್ಲಿ ಹಲವು ತುಸು ಈಚಿನವು. ಅವುಗಳ ತಲೆಬರಹದ ಗುರುತು ಈ ಕರ್ನೆಲಿಗೆ ಅಪರಿಚಿತ. ಹಾಗಾಗಿ ಕರ್ನೆಲನ್ನೇ ತುಸು ತಿದ್ದಿ ಅವನ್ನು ಒಪ್ಪುವಂತೆ ಮಾಡಿದರು. ನನಗೆ ಇಲ್ಲಿ ಬಹಳ ಮೆಚ್ಚುಗೆಯಾದ ಸಂಗತಿಯೆಂದರೆ, ಮೂಲಪುಟಗಳನ್ನು ಒಂದೆಡೆ, ತಾವು ಮಾಡಿದ ತಿದ್ದುಪಡಿಗಳನ್ನು ಇನ್ನೊಂದೆಡೆ ಬೇರೆಬೇರೆಯಾಗಿಯೇ ಇಟ್ಟದ್ದು. ಸ್ವಂತ ಊಹೆಯನ್ನು ಮೂಲದೊಳಗೆ ಬೆರೆಸಿ ಅಚ್ಚುಹಾಕಿಸಿದ ಸಂಪಾದಕರನ್ನು ನಾನು ಕಂಡಿದ್ದೇನೆ.

ನಾಲ್ಕನೆಯ ಆವೃತ್ತಿಯ ಕಥೆ ಇದಕ್ಕೆ ಪ್ರತಿಯಾದುದು. 1973ರ ಈ ಆವೃತ್ತಿಯಲ್ಲಿ ಯೂನಿಕ್ಸಿನ ಕರ್ನೆಲನ್ನು ಮೊದಲ ಬಾರಿಗೆ ಸಿ ಭಾಷೆಯಲ್ಲಿ ಬರೆದು ಹೊರತಂದಿದ್ದರು. ಅದರ ಚೂರುಪಾರು ಬಿಟ್ಟರೆ ಉಳಿದದ್ದು ಕಳೆದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದರು. 2025ರಲ್ಲಿ ಯೂಟಾ ವಿಶ್ವವಿದ್ಯಾಲಯದ ಉಗ್ರಾಣವನ್ನು ಚೊಕ್ಕಟಗೊಳಿಸುತ್ತಿದ್ದಾಗ, ಬೆಲ್ ಪ್ರಯೋಗಾಲಯದ ಮೂಲ ಯೂನಿಕ್ಸ್, ನಾಲ್ಕನೆಯದು ಎಂದು ಕೈಬರಹದ ಚೀಟಿ ಅಂಟಿಸಿದ್ದ ಟೇಪೊಂದು ಸಿಕ್ಕಿತು. ಅಂಚೆಗೆ ಒಪ್ಪಿಸಲು ಮನಸ್ಸಾಗದೆ ಡಿಸೆಂಬರಿನಲ್ಲಿ ಅದನ್ನು ಕಾರಿನಲ್ಲಿಯೇ ಕ್ಯಾಲಿಫೋರ್ನಿಯದ ಕಂಪ್ಯೂಟರ್ ಚರಿತ್ರೆಯ ಸಂಗ್ರಹಾಲಯಕ್ಕೆ ಒಯ್ದರು. ಐವತ್ತು ವರ್ಷ ಮೀರಿದ ಟೇಪನ್ನು ಮೇಲಿಂದ ಮೇಲೆ ಓಡಿಸುವುದು ಅಪಾಯದ ಕೆಲಸ. ಅಲ್ಲಿನ ಅಲ್ ಕೊಸೊ ಅದರ ಅಯಸ್ಕಾಂತದ ಏರಿಳಿತಗಳನ್ನೆಲ್ಲ ಮೊದಲು ಅಲೆಗಳಾಗಿಯೇ ಸೆರೆಹಿಡಿದರು. ಅವುಗಳಿಂದ ಸೊನ್ನೆ ಒಂದುಗಳನ್ನು ಬಿಡಿಸುವ ಕೆಲಸ ಆಮೇಲಿನದು. ಕೆಲವೇ ದಿನಗಳಲ್ಲಿ ನಾಲ್ಕನೆಯ ಯೂನಿಕ್ಸ್ ಸಿಮ್ಹ್‌ನೊಳಗೆ ಎದ್ದು ಕುಳಿತಿತು.

ಇವೆರಡರ ನಡುವೆ ಕಾಲಗಣನೆಯಲ್ಲೊಂದು ಸ್ವಾರಸ್ಯವಿದೆ. ಮೊದಲ ಆವೃತ್ತಿ ಕಾಲವನ್ನು 1971ರ ಜನವರಿ 1ರಿಂದ, ಸೆಕೆಂಡಿನ ಅರವತ್ತರಲ್ಲೊಂದು ಭಾಗಗಳಲ್ಲಿ ಎಣಿಸುತ್ತಿತ್ತು. ಎಣಿಕೆಯ ಪಾತ್ರೆ 32 ಬಿಟ್ಟಿನದು. ಸುಮಾರು 828 ದಿನಗಳಿಗೆ ತುಂಬಿ ಚೆಲ್ಲುತ್ತದೆ. ಆದ್ದರಿಂದ ಮೊದಲ ದಿನವನ್ನೇ ಮತ್ತೆ ಮತ್ತೆ ಬದಲಿಸುತ್ತ ಹೋದರು. ಆ ಕಾಲದ ಟೇಪಿನಲ್ಲಿರುವ ಕಡತದ ದಿನಾಂಕ ಯಾವ ಶಕೆಯದೆಂದು ತಿಳಿಯುವುದು, ಸಂವತ್ಸರದ ಹೆಸರು ಮಾತ್ರವಿದ್ದು ಶಕವರ್ಷವಿಲ್ಲದ ಶಾಸನವನ್ನು ಓದಿದಂತೆ. ನಾಲ್ಕನೆಯದರ ಹೊತ್ತಿಗೆ ಎಣಿಕೆ 1970ರ ಜನವರಿ 1ರಿಂದ, ಇಡೀ ಸೆಕೆಂಡುಗಳಲ್ಲಿ, ಎಂದು ನಿಂತಿತು. ಆ ಪದ್ಧತಿ ಇಂದಿಗೂ ನಡೆದಿದೆ. 32 ಬಿಟ್ಟಿನ ರೂಢಿಯ ಲೆಕ್ಕದಲ್ಲಿ ಅದೂ 2038ರ ಜನವರಿ 19ರಂದು ತುಂಬುತ್ತದೆ. ಹೊಸ ಯಂತ್ರಗಳಿಗೆ ದೊಡ್ಡ ಪಾತ್ರೆ ಕೊಟ್ಟಾಗಿದೆ. ಹಳೆಯ ಪಡಿಯಚ್ಚುಗಳ ಒಳಗಿರುವುದು ಮಾತ್ರ ಹಳೆಯ ಪಾತ್ರೆಯೇ. ಆ ದಿನದ ಅನಂತರ ಅಂಥದೊಂದನ್ನು ಎಬ್ಬಿಸುವವರು, ಮೊದಲು ಕಲ್ಪಿತ ಯಂತ್ರದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಎಬ್ಬಿಸಬೇಕಾದೀತು.