ಮೀನೋಸನ ಅಪಕೀರ್ತಿ

2013ನೆಯ ಇಸವಿ ಸೆಪ್ಟೆಂಬರ್ 28ರಂದು ಬ್ರಿಟನ್ನಿನ ಬಿ.ಬಿ.ಸಿ. ಟೆಲಿವಿಷನ್ನಿನಲ್ಲಿ 'ಅಟ್ಲಾಂಟಿಸ್' ಎಂಬ ಧಾರಾವಾಹಿ ಆರಂಭವಾಯಿತು. ಅದರ ಮೊದಲ ಕಂತಿನ ಹೆಸರು 'ದಿ ಅರ್ತ್ ಬುಲ್', ಎಂದರೆ ಭೂವೃಷಭ. ಕಾಣೆಯಾದ ತಂದೆಯ ಜಾಡು ಹುಡುಕುತ್ತ ಕಡಲ ತಳಕ್ಕಿಳಿದ ಜೇಸನ್ ಎಂಬ ಇಂದಿನ ಕಾಲದ ತರುಣನೊಬ್ಬನು ಕಣ್ಣು ತೆರೆದಾಗ ಪುರಾತನ ಅಟ್ಲಾಂಟಿಸ್ ನಗರದ ದಡದಲ್ಲಿ ಬಿದ್ದಿರುತ್ತಾನೆ. ಅಲ್ಲಿನ ಅರಸ ಮೀನೋಸ್. ಅಲ್ಲಿನ ಚಕ್ರವ್ಯೂಹದೊಳಗೆ ಮನುಷ್ಯನ ಮೈ, ಗೂಳಿಯ ತಲೆಯುಳ್ಳ ಮಿನೋಟಾರ್ ಎಂಬ ರಾಕ್ಷಸನಿದ್ದಾನೆ. ಯಾರ ಪಾಲಿಗೆ ಸರದಿ ಬೀಳುವುದೋ ಅವರು ಅವನಿಗೆ ಆಹುತಿ. ಏಕಚಕ್ರದ ಬಕಾಸುರನ ಕಥೆ ಕೇಳಿ ಬೆಳೆದ ನಮಗೆ ಮುಂದೇನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗ್ರೀಕ್ ಪುರಾಣ ಬಲ್ಲವರು ಇಲ್ಲಿ ಹುಬ್ಬೇರಿಸಬಹುದು. ಪರಂಪರೆಯ ಕಥೆಯಲ್ಲಿ ಮಿನೋಟಾರನನ್ನು ಕೊಂದವನು ಆಥೆನ್ಸಿನ ವೀರ ಥೀಸ್ಯೂಸ್. ಜೇಸನ್ ಚಿನ್ನದ ತುಪ್ಪಟವನ್ನು ತರಹೋದ ಬೇರೊಬ್ಬ ನಾಯಕ. ಜೇಸನ್ನನ ಗೆಳೆಯನಾಗಿ ಬರುವ ಗಣಿತಜ್ಞ ಪೈಥಾಗೊರಸ್ ಕ್ರಿ.ಪೂ. 6ನೆಯ ಶತಮಾನದವನು. ಅಟ್ಲಾಂಟಿಸ್ ಎಂಬುದು ಕ್ರಿ.ಪೂ. 4ನೆಯ ಶತಮಾನದಲ್ಲಿ ಪ್ಲೇಟೋ ತನ್ನ ಸಂವಾದಗಳಲ್ಲಿ ವರ್ಣಿಸಿದ, ಕಡಲು ನುಂಗಿದ ದ್ವೀಪ. ಮೀನೋಸನ ನಾಡಾದರೋ ಕ್ರೀಟ್. ಈ ಕಲಸುಮೇಲೋಗರವನ್ನು ತಪ್ಪೆನ್ನಲಾರೆವು. ಪುರಾಣವನ್ನು ಹೊಸದಾಗಿ ಹೇಳುವವರಿಗೆ ಅಷ್ಟು ಸ್ವಾತಂತ್ರ್ಯ ಎಂದಿನಿಂದಲೂ ಉಂಟು. ಆದರೆ ಇಷ್ಟೆಲ್ಲ ಬದಲಾದರೂ ಮೀನೋಸನ ಪಾಡು ಮಾತ್ರ ಬದಲಾಗಲಿಲ್ಲ. ಮೃಗಕ್ಕೆ ಮನುಷ್ಯರನ್ನು ಬಲಿಗೊಡುವ ದೊರೆಯಾಗಿಯೇ ಅವನು ಉಳಿದಿದ್ದಾನೆ. ಈ ಅಪಕೀರ್ತಿ ಅವನಿಗೆ ಅಂಟಿದ್ದು ಹೇಗೆ?

ಹೋಮರನ ಕಾವ್ಯದಲ್ಲಿ ಮೀನೋಸ್ ದೇವರಾಜ ಜ್ಯೂಸನ ಮಗ. ಸತ್ತವರ ಲೋಕದಲ್ಲಿ ಚಿನ್ನದ ದಂಡ ಹಿಡಿದು ನ್ಯಾಯ ಹೇಳುವವನು. ಅವನನ್ನು ಕ್ರೂರಿಯೆಂದು ಹಳಿದದ್ದು ಆಥೆನ್ಸಿನ ರಂಗಭೂಮಿ. ಥೀಸ್ಯೂಸನ ಚರಿತ್ರೆ ಬರೆದ ಪ್ಲುಟಾರ್ಕ್ ಇದನ್ನು ಬಹು ಹಿಂದೆಯೇ ಗುರುತಿಸಿದ್ದನು. ಮಾತು ಬಲ್ಲ, ಸಾಹಿತ್ಯವುಳ್ಳ ಊರಿನ ಹಗೆ ಕಟ್ಟಿಕೊಂಡವನಿಗೆ ಒಳ್ಳೆಯ ಹೆಸರು ಉಳಿಯದು ಎಂಬುದು ಅವನ ಅಭಿಪ್ರಾಯದ ಸಾರ. ಅವನೇ ತಿಳಿಸುವಂತೆ, ಮೀನೋಸನ ಮಗ ಆಂಡ್ರೋಜಿಯಸ್ ಆಥೆನ್ಸಿನವರ ನೆಲದಲ್ಲಿ ಮೋಸದಿಂದ ಹತನಾದನೆಂದು ಪ್ರತೀತಿ. ಆ ಸೇಡಿಗಾಗಿ ಮೀನೋಸ್ ಯುದ್ಧ ಹೂಡಿ, ಒಂಬತ್ತು ವರ್ಷಕ್ಕೊಮ್ಮೆ 7 ಮಂದಿ ಹುಡುಗರನ್ನೂ 7 ಮಂದಿ ಹುಡುಗಿಯರನ್ನೂ ಕಪ್ಪವಾಗಿ ಪಡೆದನು. ಕ್ರೀಟಿನವರ ಹೇಳಿಕೆಯೇ ಬೇರೆ. ಚಕ್ರವ್ಯೂಹವೆಂಬುದು ಬರಿಯ ಸೆರೆಮನೆ. ಅಲ್ಲಿದ್ದ ಮಕ್ಕಳನ್ನು ಪಂದ್ಯಗಳಲ್ಲಿ ಗೆದ್ದವರಿಗೆ ಬಹುಮಾನವಾಗಿ ಕೊಡುತ್ತಿದ್ದರು. ಟಾರಸ್, ಎಂದರೆ 'ಗೂಳಿ', ಎಂಬುದು ಒಬ್ಬ ಸೇನಾಪತಿಯ ಹೆಸರು.

ಇನ್ನು ನೆಲದ ಸಾಕ್ಷ್ಯವೇನು? ಕ್ರೀಟಿನ ಕ್ನಾಸಸ್ ದಿಬ್ಬವನ್ನು 1878ರಲ್ಲಿ ಮೊದಲು ಅಗೆಯಿಸಿದವನು ಅಲ್ಲಿಯ ವರ್ತಕ ಮೀನೋಸ್ ಕಲೋಕೈರಿನೋಸ್. ಅವನ ಹೆಸರೂ ಮೀನೋಸನೇ! 1900ರಲ್ಲಿ ಇಂಗ್ಲಿಷ್ ವಿದ್ವಾಂಸ ಆರ್ಥರ್ ಇವಾನ್ಸ್ ಉತ್ಖನನವನ್ನು ದೊಡ್ಡದಾಗಿ ಆರಂಭಿಸಿ, ಕೋಣೆಗೆ ಕೋಣೆ ಹೆಣೆದುಕೊಂಡಿದ್ದ ವಿಶಾಲವಾದ ಅರಮನೆಯನ್ನು ಹೊರತೆಗೆದನು. ಗೋಡೆಯ ಚಿತ್ರವೊಂದರಲ್ಲಿ, ನುಗ್ಗುತ್ತಿರುವ ಗೂಳಿಯ ಬೆನ್ನ ಮೇಲೆ ಒಬ್ಬನು ಲಾಗ ಹಾಕುತ್ತಿದ್ದಾನೆ. ಚಕ್ರವ್ಯೂಹ, ಗೂಳಿ ಎರಡಕ್ಕೂ ಬೀಜ ಇಲ್ಲಿದ್ದಿರಬಹುದೆಂದು ಅನೇಕರು ಊಹಿಸಿದರು.

ಅಲ್ಲಿ ದೊರೆತ ಮಣ್ಣಿನ ಹಲಗೆಗಳ ಒಂದು ಲಿಪಿಗೆ 'ಲೀನಿಯರ್ ಬಿ' ಎಂದು ಹೆಸರು. ಅದರ ಭಾಷೆ ಗ್ರೀಕೇ ಎಂದು ಮೈಕೆಲ್ ವೆಂಟ್ರಿಸ್ ಎಂಬ ತರುಣ ವಾಸ್ತುಶಿಲ್ಪಿ 1952ರ ಜುಲೈ 1ರಂದು ಸಾರಿದ್ದು ಇದೇ ಬಿ.ಬಿ.ಸಿ.ಯ ಬಾನುಲಿಯಲ್ಲಿ. ಓದಿದಾಗ ಕಂಡದ್ದು ಕುರಿ, ಉಣ್ಣೆ, ಎಣ್ಣೆಗಳ ಲೆಕ್ಕ. ಗೂಳಿತಲೆಯ ರಾಕ್ಷಸನ ಸುಳಿವೇ ಇಲ್ಲ. ಒಂದು ಹಲಗೆಯಲ್ಲಿ ಮಾತ್ರ ಎರಡು ಕಾಣಿಕೆಗಳ ನಮೂದಿದೆ: ಎಲ್ಲ ದೇವತೆಗಳಿಗೆ ಒಂದು ಗಡಿಗೆ ಜೇನು, ಚಕ್ರವ್ಯೂಹದ ಒಡತಿಗೆ ಒಂದು ಗಡಿಗೆ ಜೇನು. ವಿದ್ವಾಂಸರು ಅದನ್ನು ಓದುವುದು ಹೀಗೆ. ಅದಕ್ಕಿಂತ ಹಳೆಯದಾದ, ಕ್ರೀಟಿನ ಮೂಲಜನರದೆನ್ನುವ 'ಲೀನಿಯರ್ ಎ' ಲಿಪಿ ಇಂದಿಗೂ ಯಾರ ಓದಿಗೂ ದಕ್ಕಿಲ್ಲ. ಮೀನೋಸನ ಕಡೆಯ ಸಾಕ್ಷಿ ಹೀಗೆ ಮೂಕನಾಗಿ ನಿಂತಿದ್ದಾನೆ.

ಹಾಗೆಂದು ಕ್ರೀಟಿನವರು ನಿರ್ದೋಷಿಗಳೆಂದು ವಾದಿಸುವುದೂ ಸಲ್ಲದು. 1979ರಲ್ಲಿ ಕ್ನಾಸಸ್ಸಿನ ಮನೆಯೊಂದರಲ್ಲಿ ಅಲಗಿನ ಗುರುತುಳ್ಳ ಮಕ್ಕಳ ಎಲುಬುಗಳು ದೊರೆತವು. ಅದು ಬಲಿಯೋ ಬೇರೇನೋ ಎಂಬ ಚರ್ಚೆ ನಡೆದೇ ಇದೆ. ವಿದ್ವಾಂಸರು ಹೀಗೆ ಅನುಮಾನಿಸಿ ನಿಲ್ಲುವೆಡೆಯಲ್ಲಿ ಆಥೆನ್ಸಿನ ನಾಟಕಕಾರರು ಎಂದೋ ತೀರ್ಪು ಕೊಟ್ಟು ಮುಗಿಸಿದ್ದರು.

ಧಾರಾವಾಹಿಯ ಮೊದಲ ಕಂತಿನಲ್ಲಿ ಮೆಚ್ಚಬೇಕಾದ ಸಂಗತಿಯೊಂದಿದೆ. ಜೇಸನ್ನನ ಏಟಿಗೆ ಬಿದ್ದ ಮಿನೋಟಾರ್ ಸಾಯುವ ಹೊತ್ತಿಗೆ ಮನುಷ್ಯನಾಗುತ್ತಾನೆ. ಶಾಪದಿಂದ ಮೃಗವಾಗಿದ್ದವನೆಂದು ತಿಳಿದು ನೋಡುವವರಿಗೆ ಮರುಕ ಹುಟ್ಟುತ್ತದೆ. ಮೃಗಕ್ಕೆ ದೊರೆತ ಈ ಕನಿಕರ ಮೃಗದ ಒಡೆಯನಿಗೆ ದೊರೆಯಲಿಲ್ಲ. ಅವನೂ ಮಗನನ್ನು ಕಳೆದುಕೊಂಡ ತಂದೆ ಎಂಬುದು ಆಥೆನ್ಸಿನ ಕಡೆಯ ಕಥೆಯಲ್ಲಿಯೇ ಇದೆ. ಮುಂದೆ ಈ ಕಥೆಯನ್ನು ಹೇಳಹೊರಡುವವರು ಚಕ್ರವ್ಯೂಹದ ಬಾಗಿಲಿನಿಂದ ಆರಂಭಿಸದೆ, ಆಂಡ್ರೋಜಿಯಸನ ಸಾವಿನಿಂದ ಆರಂಭಿಸಿ ನೋಡಬಾರದೇಕೆ?