ಕೆಡವಿದ ಮನೆಯ ಮರ: ಸೌದೆಯೋ, ಸರಕೋ?

ತರೀಕೆರೆ ಬಳಿಯ ಅಮೃತಾಪುರಕ್ಕೆ ಹೋದವರೆಲ್ಲ ಅಮೃತೇಶ್ವರ ದೇವಾಲಯದ ನುಣುಪಾದ ಕಂಬಗಳನ್ನು ಮುಟ್ಟಿ ನೋಡಿಯೇ ಬರುತ್ತಾರೆ. ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1196ರಲ್ಲಿ ಕಟ್ಟಿದ ಗುಡಿಯದು. ಆ ಕಂಬಗಳ ಬಳೆಯಂಥ ಸುತ್ತುಗಳು ಬಳಪದ ಕಲ್ಲನ್ನು ತಿರುಗಿಸಿ ಕಡೆದು ತೆಗೆದವು. ಕಡೆಯುವ ಕೆಲಸದಲ್ಲಿ ಕೈಚಳಕಕ್ಕಿಂತ ಮೊದಲು ಬರುವುದು ವಸ್ತುವಿನ ಆಯ್ಕೆ. ಮರಕ್ಕೂ ಇದೇ ಮಾತು.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಹಳೆಯ ಮರ ಮುಖ್ಯವಾಗಿ ಮೂರು ಕಡೆಯಿಂದ ಸಿಗುತ್ತದೆ: ಕೆಡವಿದ ಮನೆ, ಮೂಲೆ ಸೇರಿದ ಎತ್ತಿನ ಗಾಡಿ, ಕಳಚಿದ ರೈಲು ದಾರಿ. ಒಂದೊಂದಕ್ಕೂ ಒಂದು ಚರಿತ್ರೆಯಿದೆ. ಅದು ತಿಳಿದರೆ ಮರದ ಗುಣ ಅರ್ಧ ತಿಳಿದ ಹಾಗೆ.

ತರೀಕೆರೆ ಕಾಡಿನ ಸೆರಗು; ಹಳೆ ಮನೆಗಳ ತೊಲೆ-ಕಂಬಗಳಲ್ಲಿ ತೇಗ, ಬೀಟೆ, ಹೊನ್ನೆ, ಮತ್ತಿ ಇರುತ್ತವೆ. ಬಯಲುಸೀಮೆಯತ್ತ ಬಂದರೆ ಬೇವು, ಹುಣಸೆ, ಜಾಲಿ. ಹೊಗೆ ಹಿಡಿದು ಎಲ್ಲವೂ ಒಂದೇ ಬಣ್ಣ ಕಾಣುತ್ತವೆ. ಉಳಿಯಿಂದ ಒಂದು ಮೂಲೆ ಕೆತ್ತಿ ನೋಡ್ಬೇಕು. ಚಿನ್ನದಂಥ ಕಂದು, ಎಣ್ಣೆ ಜಿಡ್ಡು, ತೊಗಲಿನ ವಾಸನೆ ಇದ್ದರೆ ತೇಗ. ಕಪ್ಪು-ನೇರಳೆ ಗೆರೆ, ಕೈಗೆ ಭಾರ ಅಂದರೆ ಬೀಟೆ. ಹೊನ್ನೆಯ ಚಕ್ಕೆಯನ್ನು ಲೋಟದ ನೀರಿನಲ್ಲಿ ನೆನೆಹಾಕಿದರೆ ನೀರು ಕಂದಾಗಿ, ಬೆಳಕಿಗೆ ಹಿಡಿದಾಗ ನೀಲಿ ಛಾಯೆ ತೋರುತ್ತದೆ. ಕೆತ್ತಿದೊಡನೆ ಹಳದಿ ಕಂಡರೆ ಹಲಸು. ಮೃದಂಗದ ಒಡಲು ಇದರದ್ದೇ. ಈ ನಾಲ್ಕೂ ಕಡೆಯಲು ಒಳ್ಳೆಯವು. ತೇಗ ಮಾತ್ರ ಉಳಿಯನ್ನು ಬೇಗ ಮೊಂಡು ಮಾಡ್ತದೆ. ಸೂರಿನಡಿ ದಶಕಗಳ ಕಾಲ ಒಣಗಿದ ಮರ ಹಸಿಮರದಷ್ಟು ಸೊಟ್ಟಗಾಗುವುದಿಲ್ಲ.

ಅಜ್ಜಂಪುರವೆಂದರೆ ಅಮೃತಮಹಲ್ ದನ. 1929ರಿಂದ ಅಲ್ಲಿ ತಳಿ ಕೇಂದ್ರವಿದೆ. ಎತ್ತಿದ್ದಲ್ಲಿ ಗಾಡಿ. ಟೈರು ಗಾಡಿ, ಟ್ರ್ಯಾಕ್ಟರು ಬಂದ ಮೇಲೆ ಮರದ ಚಕ್ರಗಳು ಹಿತ್ತಲು ಸೇರಿದವು. ಚಕ್ರಕ್ಕೆ ಹಾಕುತ್ತಿದ್ದ ಜಾಲಿ ಕಲ್ಲಿನಂಥ ಗಟ್ಟಿ. ಉಳಿಯ ಹಿಡಿಗೆ, ಬುಗುರಿಗೆ ಹೇಳಿಸಿದ್ದು. ಕೀಲೆಣ್ಣೆ ಕುಡಿದ ಗುಂಬ ಮಾತ್ರ ಅಡುಗೆ ಸಾಮಾನಿಗೆ ಬೇಡ.

ಇನ್ನು ರೈಲು. 1889ರಲ್ಲಿ ಹರಿಹರದವರೆಗೆ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್‌ಗೇಜ್ ಹಳಿ ಬಂತು. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದಾಗ ಕಾಂಕ್ರೀಟ್ ಸ್ಲೀಪರ್‌ಗಳು ಬಂದವು. ಹಳೆಯ ಮರದ ಸ್ಲೀಪರ್ ಸಿಕ್ಕರೆ ಎಚ್ಚರ! ಗೆದ್ದಲು ಹಿಡಿಯದಂತೆ ಅದಕ್ಕೆ ಕ್ರಿಯೋಸೋಟ್ ಎಂಬ ಟಾರಿನೆಣ್ಣೆ ಕುಡಿಸಿರುತ್ತಾರೆ. ಅದರ ಧೂಳು ಉಸಿರಿಗೂ ಚರ್ಮಕ್ಕೂ ಕೆಡುಕು, ಕ್ಯಾನ್ಸರಿನ ಭಯವೂ ಉಂಟು. ಒಳಗೆ ಎಷ್ಟೇ ಚೆಂದದ ಮರವಿದ್ದರೂ ಲೇತಿಗೆ ಬೇಡ, ಮಗುವಿನ ಆಟಿಕೆಗಂತೂ ಬೇಡವೇ ಬೇಡ, ಒಲೆಗೂ ಬೇಡ.

ಯಾವ ಮರವೇ ಆಗಲಿ, ಅಯಸ್ಕಾಂತ ಆಡಿಸಿ ಮೊಳೆ ಹುಡುಕಬೇಕು. ತಟ್ಟಿದರೆ ಠಣ್ ಎನ್ನಬೇಕು. ಬೊದ್ದು ಸದ್ದು ಬಂದರೆ ಒಳಗೆ ಟೊಳ್ಳು ಅಥವಾ ಬಿರುಕು. ಹೊಸ ಹುಡಿ ಉದುರಿದರೆ ಹುಳು ಇನ್ನೂ ಬದುಕಿದೆ. ತಿರುಳಿನಲ್ಲಿ ಬಿರುಕಿದ್ದ ತುಂಡು ತಿರುಗುವಾಗ ಸಿಡಿದು ಮುಖಕ್ಕೇ ಬಡಿದೀತು. ಹಳೆ ಬಣ್ಣದಲ್ಲಿ ಸೀಸವಿರಬಹುದು. ಅಂಥದ್ದನ್ನು ಉಜ್ಜುವುದೂ ಅಪಾಯ.

1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದ್ದು ಮರದ ಇದ್ದಿಲಿನಿಂದ. ಅಂದು ಕಾಡಿತ್ತು. ಇಂದು ಅಂಥ ಕೆಚ್ಚು ಬಲಿಯಲು ಎರಡು-ಮೂರು ತಲೆಮಾರು ಬೇಕು. ಚನ್ನಪಟ್ಟಣದವರು ಬೆಳ್ಳನೆಯ ಹಾಲೆ ಮರ ಕಡೆದು, ಅರಗಿನ ಬಣ್ಣ ಹಚ್ಚಿ ಊರಿಗೇ ಹೆಸರು ತಂದರು. ಸದಸ್ಯ ಬಂಧುಗಳೇ, ಅಜ್ಜನ ಕಾಲದ ಕಂಬವನ್ನು ಸೌದೆ ತೂಕಕ್ಕೆ ಹಾಕುವ ಮುನ್ನ ಊರಿನ ಬಡಗಿಗೆ ಒಮ್ಮೆ ತೋರಿಸೋಣ. ಅದು ಮೊಮ್ಮಗನ ತೊಟ್ಟಿಲ ಕಾಲಾದೀತು.